ಕಾಮಿಕ್ಸ್ ಕೊಳ್ಳಲು: ಸಣ್ಣ ಅಂಗಡಿಯೋ, ಅವೆನ್ಯೂ ರಸ್ತೆಯೋ, ಆನ್‌ಲೈನೋ?

ಹತ್ತು ವರ್ಷದ ಮಗನಿಗೆ ಕಾಮಿಕ್ಸ್ ಬೇಕು, ಜೊತೆಗೆ ನಿಮ್ಮ ಬಾಲ್ಯದ ಇಂದ್ರಜಾಲ ಕಾಮಿಕ್ಸ್ ಮಾಲೆಯೂ ಸಿಕ್ಕರೆ ಚೆನ್ನ ಎಂದಿದ್ದೀರಿ. ಇವೆರಡೂ ಬೇರೆ ಬೇರೆ ಬೇಟೆಗಳು.

ಬೆಲೆಯೊಂದೇ ಮುಖ್ಯವಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಗಳತ್ತ ಹೋಗಿ. ಚೌಕಾಸಿ ಗೊತ್ತಿರಬೇಕು, ದೂಳಿಗೆ ಸೀನು ಬರಬಾರದು. ಬೇಕಾದದ್ದು ಸಿಗುತ್ತದೆಂಬ ಖಾತರಿ ಮಾತ್ರ ಇಲ್ಲ.

ಅಮರ ಚಿತ್ರಕಥೆ ಈಗಲೂ ಅಚ್ಚಾಗುತ್ತಿದೆ. ಅದಕ್ಕೆ ಆನ್‌ಲೈನೇ ಸುಲಭ, ಹೊಸ ಪ್ರತಿ ಮನೆಗೇ ಬರುತ್ತದೆ.

ಇಂದ್ರಜಾಲದ ಕಥೆ ಬೇರೆ. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಮಾಲೆ ಅದು. ಪ್ರತಿಗಳಿಗೆಲ್ಲ ವಯಸ್ಸಾಗಿದೆ: ಪಿನ್ನು ತುಕ್ಕು ಹಿಡಿದು ನಡುಹಾಳೆ ಕಳಚಿರುತ್ತದೆ, ಮುಖಪುಟದ ಮೇಲೆ ಯಾರದೋ ಹೆಸರು ನೀಲಿ ಶಾಯಿಯಲ್ಲಿ ಇರುತ್ತದೆ. ಆನ್‌ಲೈನಿನಲ್ಲಿ ಮುಖಪುಟದ ಫೋಟೊ ನೋಡಿ ನಾನೊಮ್ಮೆ ಮೋಸಹೋದೆ. ಬಂದ ಪ್ರತಿಯಲ್ಲಿ ಕಥಾನಾಯಕ ಫ್ಯಾಂಟಮ್ ಗುಹೆಯೊಳಗೆ ಹೋದವನು ಹೊರಗೆ ಬರಲೇ ಇಲ್ಲ, ಕೊನೆಯ ನಾಲ್ಕು ಪುಟ ಮಾಯ. ಇಂಥದ್ದಕ್ಕೆ ಹಳೆಯ ಕಾಮಿಕ್ಸ್ ಮಾರುವ ಸಣ್ಣ ಅಂಗಡಿಯೇ ಲೇಸು. ಪ್ಲಾಸ್ಟಿಕ್ ಲಕೋಟೆಯಿಂದ ಮೆಲ್ಲನೆ ತೆಗೆದು, ಪುಟ ಎಣಿಸಿಕೊಂಡು ಕೊಳ್ಳಬಹುದು. ಎರಡು ಸಲ ಹೋದರೆ ಮಾಲೀಕರಿಗೆ ನಿಮ್ಮ ರುಚಿ ತಿಳಿಯುತ್ತದೆ, ಮೂರನೆಯ ಸಲ ನಿಮಗೆಂದೇ ತೆಗೆದಿಟ್ಟಿರುತ್ತಾರೆ. ಬೆಲೆ ಮಾತ್ರ ತುಸು ಚುರುಕು. ಅವರಿಗೂ ಅದರ ಮೌಲ್ಯ ಗೊತ್ತು.

ಮಗನನ್ನೂ ಅಲ್ಲಿಗೇ ಕರೆದೊಯ್ಯಿರಿ. ನೆಲದ ಮೇಲೆ ಕುಳಿತು ಅವನು ಯಾವುದನ್ನು ಕೆಳಗಿಡದೆ ಓದುತ್ತಾನೆ ಎಂಬುದನ್ನು ನೋಡಿ, ಮುಂದಿನವನ್ನು ಆನ್‌ಲೈನಿನಲ್ಲಿ ತರಿಸಬಹುದು. ಊರು ದೂರವಿದ್ದರೆ ಅಂಗಡಿಯ ಮಾತಿಲ್ಲ, ಆನ್‌ಲೈನೇ ಗತಿ. ಮಾರುವವರಿಂದ ಒಳಪುಟಗಳ ಫೋಟೊ ಕೇಳಿಯೇ ಹಣ ಕಳಿಸಿ.