ಹಲ್ಲು ಅಸಲಿ, ದವಡೆ ನಕಲಿ: ಮೋಸಸಾರ್ ಪಳೆಯುಳಿಕೆ ಕೊಳ್ಳುವವರಿಗೆ ಎಚ್ಚರಿಕೆ

ಡೊಂಬಿವಲಿಯ ಕನ್ನಡ ಕುಟುಂಬವೊಂದು ಉತ್ತರ ಗೋವಾದ ಸಂತೆಯಂಗಡಿಯಲ್ಲಿ 9,500 ರೂಪಾಯಿ ಕೊಟ್ಟು ಒಂದು ‘ಮೋಸಸಾರ್ ದವಡೆ’ ತಂದಿತು. ಮೋಸಸಾರ್ ಎಂದರೆ ಡೈನೋಸಾರ್ ಕಾಲದ ಕಡಲ ಸರೀಸೃಪ. ಹಳದಿ ಮರಳುಗಲ್ಲಿನ ಮೇಲೆ ಕಂದು ಮೂಳೆ, ಅದರಲ್ಲಿ ಸಾಲಾಗಿ ಐದು ಹಲ್ಲು, ಪಕ್ಕಕ್ಕೊಂದು ಶಾರ್ಕ್ ಹಲ್ಲು. ಅಂಗಡಿಯವನು ಕನ್ನಡದಲ್ಲೇ ಮಾತಾಡಿದ್ದ. “ಅಕ್ಕಾ, ನಮ್ಮ ಕಡೆಯೋರಿಗೆ ಸುಳ್ಳು ಹೇಳ್ತೀನಾ? ಮೊರಾಕೋ ಮಾಲು. ಹಲ್ಲು ಬೇಕಾದ್ರೆ ಯಾರಿಗಾದ್ರೂ ತೋರಿಸ್ರಿ.” ಹಲ್ಲಿನ ಬಗ್ಗೆ ಅವನು ಹೇಳಿದ್ದು ಸುಳ್ಳಲ್ಲ. ಐದರಲ್ಲಿ ನಾಲ್ಕು ಅಸಲಿ ಹಲ್ಲುಗಳೇ. ಮಿಕ್ಕಿದ್ದೆಲ್ಲ, ಮೂಳೆ, ಕಲ್ಲು, ಜೋಡಣೆ, ಒಂದು ಹಲ್ಲು, ಕೈಯಲ್ಲಿ ಮಾಡಿದ್ದು. ಆ ತುಂಡನ್ನು ಬಿಡಿಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮುಂಬೈ, ಪುಣೆ, ಗೋವಾದಲ್ಲಿ ಹರಳು-ಕಲ್ಲು ಮಾರುವ ಕಡೆಯೆಲ್ಲ ಈಗ ಇಂಥ ಮಾಲು ಬರುತ್ತಿದೆ.

ಮೊದಲು ಬೆಲೆಯ ವಿಚಾರ. ಮಾರುಕಟ್ಟೆಯಲ್ಲಿರುವ ಮೋಸಸಾರ್ ಹಲ್ಲುಗಳಲ್ಲಿ ಹೆಚ್ಚಿನವು ಮೊರಾಕೋದ ಖೌರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳವು. ಗೊಬ್ಬರಕ್ಕಾಗಿ ಅಗೆಯುವ ಆ ಪದರಗಳಲ್ಲಿ ಹಲ್ಲು ಯಥೇಚ್ಛವಾಗಿ ಸಿಗುತ್ತದೆ. ಈ ಕಡಲ ಸರೀಸೃಪಗಳಿಗೆ ಬದುಕಿರುವ ತನಕ ಹಳೆ ಹಲ್ಲು ಉದುರಿ ಹೊಸದು ಬರುತ್ತಲೇ ಇತ್ತು. ಹಾಗಾಗಿ ಬೇರಿಲ್ಲದ ಬಿಡಿ ಹಲ್ಲು ಇಂದಿಗೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅಷ್ಟು ಅಗ್ಗದ್ದನ್ನು ನಕಲಿ ಮಾಡಿದರೆ ಲಾಭ ಕಡಿಮೆ. ದುಡ್ಡಿರುವುದು ಉದ್ದ ಬೇರಿನಲ್ಲಿ, ದವಡೆಯಲ್ಲಿ, ಅಪರೂಪದ ಹೆಸರಿನಲ್ಲಿ. ನಕಲಿ ಕೆಲಸ ನಡೆಯುವುದೂ ಅಲ್ಲೇ. ಆದ್ದರಿಂದ ಹೊಳೆಯುವ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ನೋಡಿ ಮರುಳಾಗಬೇಡಿ. ಒಂದು ವಸ್ತು ಇನ್ನೊಂದನ್ನು ಸೇರುವ ಜಾಗ ನೋಡಿ.

ಆ ದವಡೆಯನ್ನು ಮೊದಲು ಹಿಡಿದುಕೊಟ್ಟದ್ದು ಅಲಂಕಾರಕ್ಕೆ ಇಟ್ಟಿದ್ದ ಶಾರ್ಕ್ ಹಲ್ಲು. ಅದು ಓಟೋಡಸ್ ಎಂಬ ಶಾರ್ಕಿನದು. ಬುಡದ ಎರಡೂ ಪಕ್ಕ ಪುಟ್ಟ ಮೊನೆ, ಅಂಚು ನುಣುಪು, ನೋಡಿದೊಡನೆ ಗುರುತು ಸಿಗುತ್ತದೆ. ಮೋಸಸಾರ್‌ಗಳು 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆಗೇ ಅಳಿದವು. ಆ ದೊಡ್ಡ ಓಟೋಡಸ್ ಬಂದದ್ದು ಅದಾದ ಮೇಲೆ. ಒಂದೇ ಗಣಿಯಲ್ಲಿ ಎರಡೂ ಸಿಗುತ್ತವೆ ನಿಜ, ಆದರೆ ಬೇರೆ ಬೇರೆ ಪದರದಲ್ಲಿ. ಒಂದೇ ಅಂಗೈಯಗಲದ ಕಲ್ಲಿನಲ್ಲಿ ಎರಡೂ ಕೂತಿದ್ದರೆ ಕೂರಿಸಿದವರು ಯಾರೋ ಇದ್ದಾರೆ. ಮೋಸಸಾರ್ ಜೊತೆ ಇರಬಹುದಾದ ಶಾರ್ಕ್ ಬೇಕಿದ್ದರೆ ಸ್ಕ್ವಾಲಿಕೊರಾಕ್ಸ್, ಗರಗಸದ ಅಂಚಿನ ಚಿಕ್ಕ ಹಲ್ಲು.

ಎರಡನೆಯದು, ಹಲ್ಲುಗಳ ಬಾಗು. ಮೋಸಸಾರ್ ಹಲ್ಲು ಹಿಂದಕ್ಕೂ ಸ್ವಲ್ಪ ಬಾಯೊಳಕ್ಕೂ ಬಾಗಿರುತ್ತದೆ. ಇಲ್ಲಿ ಮೂರು ಒಂದು ಕಡೆಗೆ, ಎರಡು ಇನ್ನೊಂದು ಕಡೆಗೆ ಬಾಗಿದ್ದವು. ಎಲ್ಲದರ ಎತ್ತರ ಒಂದೇ. ಅಸಲಿ ದವಡೆಯಲ್ಲಿ ಹಾಗಿರುವುದಿಲ್ಲ. ಒಂದು ಪೂರ್ತಿ ಬೆಳೆದಿರುತ್ತದೆ, ಪಕ್ಕದ್ದು ಅರ್ಧ ಮೇಲೆದ್ದಿರುತ್ತದೆ, ಇನ್ನೊಂದು ಉದುರಿ ಗುಳಿ ಮಾತ್ರ ಉಳಿದಿರುತ್ತದೆ. ಹಳೆ ಹಲ್ಲಿನ ಬೇರಿನ ಒಳಮಗ್ಗುಲಿನಲ್ಲಿ ಹೊಸ ಹಲ್ಲು ಕೊರೆದ ಕುಳಿಯೂ ಕಾಣುತ್ತದೆ. ಈ ಅಸಮವೇ ಅಸಲಿಯ ಗುರುತು. ಸಾಲು ಚೆಂದವಿದ್ದಷ್ಟೂ ಅನುಮಾನ ಹೆಚ್ಚಲಿ.

ಮೂರನೆಯದು ಕಲ್ಲು. ಖೌರಿಬ್ಗಾದ ಅಸಲಿ ಕಲ್ಲೂ ಮೆತ್ತಗೆ, ಉಗುರಿಗೆ ಉದುರುತ್ತದೆ. ಆದ್ದರಿಂದ ‘ಉದುರಿತು, ಹಾಗಾದರೆ ನಕಲಿ’ ಎಂದು ಹೇಳಲಾಗದು. ಹಿಂಬದಿಯ ಮೂಲೆಗೆ ಒಂದು ಹನಿ ನೀರು ಬಿಟ್ಟು ಎರಡು ನಿಮಿಷ ಬಿಟ್ಟು ಒತ್ತಿ. ಮರಳಿಗೆ ಬಿಳಿ ಗೋಂದು ಕಲಸಿ ಮಾಡಿದ್ದಾದರೆ ನೀರು ತಾಗಿದ ಬೆಲ್ಲದ ಅಚ್ಚಿನಂತೆ ಅಂಟಂಟಾಗುತ್ತದೆ, ಬೆರಳಿಗೆ ಹಾಲಿನ ಬಣ್ಣದ ಪೊರೆ ಹತ್ತುತ್ತದೆ. ಅಸಲಿಯಾದರೆ ಬರೀ ಒದ್ದೆ ಮರಳು. ಗೋಂದು ಸೂಪರ್‌ಗ್ಲೂ ಜಾತಿಯದಾಗಿದ್ದರೆ ನೀರು ಏನೂ ಮಾಡದು. ಆಗ ಹತ್ತಿಕಡ್ಡಿಗೆ ಅಂಟು ಕರಗಿಸುವ ಅಸಿಟೋನ್ ಅದ್ದಿ ಅದೇ ಮೂಲೆಯಲ್ಲಿ ಕೆಲ ನಿಮಿಷ ಒತ್ತಿಡಿ. ಮರಳು ಸಡಿಲಾದರೆ, ಹತ್ತಿಗೆ ಬಣ್ಣ ಬಂದರೆ, ಅಂಟೋ ಬಣ್ಣವೋ ಸೇರಿದೆ ಎಂಬ ಅನುಮಾನ ಗಟ್ಟಿಯಾಯಿತು. ಭೂತಗನ್ನಡಿಯಲ್ಲಿ ಇನ್ನೊಂದು ವ್ಯತ್ಯಾಸವಿದೆ. ಅಸಲಿ ಕಲ್ಲಿನಲ್ಲಿ ಮೀನಿನ ಮೂಳೆಯ ಚೂರು, ಪುಟ್ಟ ಹಲ್ಲು ಹೇಗೆಂದರೆ ಹಾಗೆ ಚದುರಿರುತ್ತವೆ; ಕಲಸಿದ್ದು ಎಲ್ಲೆಡೆ ಒಂದೇ ಸಮ. ಈ ತುಂಡಿನ ‘ಮೂಳೆ’ಯೂ ಹಾಗೇ, ಪುಡಿ ಮಾಡಿದ ಮೂಳೆಚೂರಿಗೆ ಅಂಟು ಸೇರಿಸಿ ತಟ್ಟಿದ್ದು. ನಿಜವಾದ ಮೂಳೆಯಲ್ಲಿ ಉದ್ದಕ್ಕೆ ಎಳೆಯಂಥ ರಚನೆ ಇರುತ್ತದೆ, ಇದರಲ್ಲಿ ಇರಲಿಲ್ಲ.

ಪುಣೆಯಲ್ಲಿ ಹೆಚ್ಚು ಕಾಣುವುದು ಇದರ ತಮ್ಮ: ಬೇರು ಸಹಿತ ಒಂಟಿ ಹಲ್ಲು, ಆರೇಳು ಸೆಂಟಿಮೀಟರ್ ಉದ್ದ. ಮೇಲ್ಭಾಗ ಅಸಲಿ, ಬೇರು ಪ್ಲಾಸ್ಟರ್ ಅಥವಾ ಬೇರೆ ಹಲ್ಲಿನದು. ಅಕ್ಕಸಾಲಿಗರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಲೂಪ್ (ಮುಂಬೈಯವರಿಗೆ ಝವೇರಿ ಬಜಾರ್‌ನ ಉಪಕರಣದಂಗಡಿಗಳಲ್ಲಿ ಸಿಗುತ್ತದೆ) ಹಿಡಿದು ಎನಾಮಲ್ ಮುಗಿಯುವ ಗೆರೆಯನ್ನು ಸುತ್ತಲೂ ತಿರುಗಿಸಿ ನೋಡಿ. ಅಸಲಿಯಲ್ಲಿ ಎನಾಮಲ್ ತೆಳುವಾಗುತ್ತ ಬಂದು ಅಂಕುಡೊಂಕಾಗಿ ನಿಲ್ಲುತ್ತದೆ, ಅದರ ಕೆಳಗೆ ಸಣ್ಣ ರಂಧ್ರಗಳ ಮೂಳೆ. ಎನಾಮಲ್ ಮೇಲಿನ ಉದ್ದ ಬಿರುಕುಗಳಲ್ಲಿ ಕೆಲವು ಬೇರಿಗೂ ಇಳಿದಿರುತ್ತವೆ. ಜೋಡಿಸಿದ್ದರಲ್ಲಿ ಆ ಗೆರೆಯ ಮೇಲೆ ಉಂಗುರದಂತೆ ಮರಳು ಮೆತ್ತಿರುತ್ತಾರೆ, ಬಿರುಕುಗಳು ಅಲ್ಲಿಗೇ ನಿಂತುಬಿಡುತ್ತವೆ. ಆ ಮರಳುಂಗುರ ಕಂಡರೆ ಮುಂದೆ ನೋಡುವುದೇ ಬೇಡ. 365 ನ್ಯಾನೋಮೀಟರ್‌ನ ಯುವಿ ಟಾರ್ಚನ್ನು ಕತ್ತಲೆಯಲ್ಲಿ ಹಿಡಿದರೆ ಅಂಟು ಸಾಮಾನ್ಯವಾಗಿ ನೀಲಿ ಬಿಳುಪಾಗಿ ಎದ್ದು ಕಾಣುತ್ತದೆ. ಪಳೆಯುಳಿಕೆ ತಾನೂ ಕೆಲವೊಮ್ಮೆ ಮಂದವಾಗಿ ಹೊಳೆಯುವುದುಂಟು, ಆದ್ದರಿಂದ ಹೊಳೆಯಿತೇ ಎಂದಲ್ಲ, ಒಂದೇ ತುಂಡಿನ ಎರಡು ಭಾಗ ಬೇರೆ ಬೇರೆಯಾಗಿ ಹೊಳೆದವೇ ಎಂದು ನೋಡಬೇಕು.

ದವಡೆಯ ಐದನೇ ಹಲ್ಲು ಪೂರ್ತಿ ರೆಸಿನ್, ಅಂದರೆ ಅಚ್ಚಿಗೆ ಹೊಯ್ದ ಪ್ಲಾಸ್ಟಿಕ್. ಒಂದು ಮಗ್ಗುಲಿಗೆ ಕೂದಲೆಳೆಯಷ್ಟು ಅಚ್ಚಿನ ಗೆರೆ, ತುದಿಯ ಹತ್ತಿರ ಗುಂಡುಸೂಜಿ ಮೊನೆಯಷ್ಟು ಗಾಳಿಗುಳ್ಳೆ ಇತ್ತು. ಇಂಥದ್ದನ್ನು ಕೆಡಿಸದೆ ಕಂಡುಹಿಡಿಯಲು ತೂಕವೇ ಸಾಕು. 0.01 ಗ್ರಾಂ ತೋರಿಸುವ ಜೇಬು ತಕ್ಕಡಿಯಲ್ಲಿ ಹಲ್ಲನ್ನು ಒಣಗಿದ ಹಾಗೇ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಹಲ್ಲಿಗೆ ತೆಳು ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ಒಣತೂಕವನ್ನು ಭಾಗಿಸಿದರೆ ಸಾಂದ್ರತೆ. ಒಣತೂಕ 14.50 ಗ್ರಾಂ, ಮುಳುಗಿಸಿದಾಗ ತಕ್ಕಡಿಯಲ್ಲಿ 5.00 ಬಂದರೆ ಸಾಂದ್ರತೆ 2.90. ಅಸಲಿ ಹಲ್ಲು 3ರ ಆಸುಪಾಸು. ಬರೀ ರೆಸಿನ್ 1.2ರ ಹತ್ತಿರ, ಕಲ್ಲುಪುಡಿ ಬೆರೆಸಿದ್ದರೆ ಸ್ವಲ್ಪ ಮೇಲೆ. ಇದರಲ್ಲಿ ಎಡವುವುದು ಗಾಳಿಯಿಂದ. ಬೇರಿನ ರಂಧ್ರದಲ್ಲಿ, ಟೊಳ್ಳು ಬುಡದಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಅಸಲಿಯೂ ಹಗುರವಾಗಿ ತೋರುತ್ತದೆ. ಬುಡ ಮೇಲಕ್ಕೆ ಮಾಡಿ ಮುಳುಗಿಸಿ, ಅಲ್ಲಾಡಿಸಿ ಗುಳ್ಳೆ ಬಿಡಿಸಿ. ಬಿಡಿ ಹಲ್ಲಿಗೆ ಮಾತ್ರ ಈ ಪರೀಕ್ಷೆ, ಕಲ್ಲಿಗಂಟಿದ್ದನ್ನು ಮುಳುಗಿಸಬೇಡಿ.

ವಿನಿಗರ್ ಹಾಕಿ ನೋಡುವವರಿದ್ದಾರೆ, ದಯವಿಟ್ಟು ಬೇಡ. ಆಮ್ಲ ಅಸಲಿ ಹಲ್ಲನ್ನೇ ತಿನ್ನುತ್ತದೆ. ಕಾದ ಸೂಜಿ ಚುಚ್ಚಿದರೆ ರೆಸಿನ್ ಪ್ಲಾಸ್ಟಿಕ್ ವಾಸನೆ ಬಿಡುವುದು ಹೌದು, ಆದರೆ ಅಸಲಿ ಹಲ್ಲಿಗೆ ಗಟ್ಟಿಯಾಗಲೆಂದು ಬಳಿದ ಅಂಟೂ ಹಾಗೇ ನಾರುತ್ತದೆ.

ಸೂಜಿಗೆ ಸುಟ್ಟ ಕೂದಲ ವಾಸನೆ ಬಂದರೆ ಮಾತ್ರ ಅದು ಬೇರೆಯೇ ತೊಂದರೆ. ಅದು ಪಳೆಯುಳಿಕೆಯಲ್ಲ, ಇತ್ತೀಚಿನ ಪ್ರಾಣಿಯ ಹಲ್ಲು. ಮೊಸಳೆ ಹಲ್ಲಿಗೆ ಚಹಾದ ಡಿಕಾಕ್ಷನ್‌ನಲ್ಲಿ ಬಣ್ಣ ಕೊಟ್ಟರೆ ದೂರದಿಂದ ಹಳೆಯದರಂತೆಯೇ ಕಾಣುತ್ತದೆ. ಗೋವಾದ ಕುಂಭಾರ್ಜುವೆ ಕಾಲುವೆಯಲ್ಲಿ ಈಗಲೂ ಮೊಸಳೆಗಳಿವೆ. ನಮ್ಮ ನದಿ ಮೊಸಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದರ ಹಲ್ಲು ಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ಕೊಂಡೆ ಎಂದರೆ ಅರಣ್ಯ ಇಲಾಖೆಯವರು ಸುಮ್ಮನೆ ಬಿಡಲಾರರು. ಇಂಥ ಅನುಮಾನವಿರುವ ಮಾಲನ್ನು ಮುಟ್ಟಲೇಬೇಡಿ.

ಇನ್ನು ಹೆಸರಿನ ಮೋಸ. ‘ಖೌರಿಬ್ಗಾದ ಇಕ್ತಿಯೋಸಾರ್ ಹಲ್ಲು’ ಎಂದು ಚೀಟಿ ಹಚ್ಚಿದ್ದರೆ ಮುಂದಕ್ಕೆ ನಡೆಯಿರಿ. ಇಕ್ತಿಯೋಸಾರ್‌ಗಳು ಕೂಡ ಕಡಲ ಸರೀಸೃಪಗಳೇ, ಆದರೆ ಸುಮಾರು 9 ಕೋಟಿ ವರ್ಷದ ಹಿಂದೆಯೇ ಮುಗಿದವು, ಆ ಗಣಿಯ ಪದರ ಶುರುವಾಗುವುದು ಅದಾಗಿ ಎಷ್ಟೋ ಕಾಲದ ಮೇಲೆ. ಅವುಗಳ ಹಲ್ಲಿನ ಬುಡದಲ್ಲಿ ಉದ್ದಕ್ಕೆ ಆಳ ಮಡಿಕೆಗಳಿರುತ್ತವೆ, ಬೇರೆ ಯಾವುದೋ ಹಲ್ಲೆಂದು ಸುಲಭಕ್ಕೆ ತಪ್ಪು ತಿಳಿಯಲಾಗದು. ಪ್ಲೀಸಿಯೋಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ ಹಲ್ಲು ಅಲ್ಲಿ ಸಿಗುತ್ತದೆ, ಮೋಸಸಾರ್‌ನಷ್ಟು ಅಲ್ಲ, ಬೆಲೆಯೂ ಹೆಚ್ಚು. ಅದಕ್ಕೇ ಬೇರೆ ಹಲ್ಲುಗಳಿಗೆ ಆ ಹೆಸರು ಅಂಟಿಸುತ್ತಾರೆ. ಅದು ಸಪೂರ, ಅಡ್ಡಕ್ಕೆ ಕೊಯ್ದರೆ ಹೆಚ್ಚುಕಡಿಮೆ ದುಂಡು, ಎನಾಮಲ್ ಮೇಲೆ ತುದಿಯ ಕಡೆಗೆ ಓಡುವ ಸಣ್ಣ ಏಣುಗೆರೆಗಳು, ಚೂಪು ಅಂಚು ಇಲ್ಲವೆನ್ನುವಷ್ಟು. ಮೋಸಸಾರ್ ಹಲ್ಲಿಗೆ ಸಾಮಾನ್ಯವಾಗಿ ಹಿಂದೆ ಮುಂದೆ ಎರಡು ಚೂಪು ಅಂಚು, ಬೆರಳು ಎಳೆದರೆ ತಿಳಿಯುತ್ತದೆ. ‘ಮರಿ ಪ್ಲೀಸಿಯೋಸಾರ್’ ಎಂದು ಕೊಡುವುದರಲ್ಲಿ ಬಹಳಷ್ಟು ಎಂಕೋಡಸ್ ಎಂಬ ಮೀನಿನ ಕೋರೆ. ಗುಂಡಗೆ ಅಣಬೆಯ ತಲೆಯಂತಿರುವ ಗ್ಲೋಬಿಡೆನ್ಸ್ ಹಲ್ಲು ಮಾತ್ರ ನಿಜಕ್ಕೂ ಬೇರೆಯೇ, ಚಿಪ್ಪು ಒಡೆದು ತಿನ್ನುತ್ತಿದ್ದ ಮೋಸಸಾರ್‌ನದು.

ಪ್ರಭೇದದ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ. 2022ರಲ್ಲಿ ಇದೇ ಮೊರಾಕೋ ಫಾಸ್ಫೇಟ್‌ಗಳಿಂದ ಥಲಾಸೋಟೈಟಾನ್ ಎಂಬ ಹೊಸ ಮೋಸಸಾರ್‌ಗೆ ಹೆಸರಿಟ್ಟರು. ದಪ್ಪ ಹಲ್ಲಿಗೆಲ್ಲ ಕಣ್ಣುಮುಚ್ಚಿ ಪ್ರೊಗ್ನಾಥೋಡಾನ್ (ಇನ್ನೊಂದು ಮೋಸಸಾರ್) ಎಂದು ಬರೆದ ಹಳೆ ಚೀಟಿಗಳನ್ನು ಈಗ ನಂಬುವ ಹಾಗಿಲ್ಲ.

‘ಇಲ್ಲೇ ಸಿಕ್ಕಿದ್ದು’ ಎಂಬ ಮಾತು ಕೇಳಿದರೆ ಅಲ್ಲಿಗೇ ವ್ಯಾಪಾರ ಮುಗಿಸಿ. ಪುಣೆ, ಮುಂಬೈ ನಿಂತಿರುವುದು ದಖ್ಖನ್ ಲಾವಾದ ಮೇಲೆ. ಪುಣೆ ಬಳಿಯ ವಾಘೋಲಿ ಕ್ವಾರಿಯಲ್ಲಿ ನೀಲಿ ಹರಳು ಕ್ಯಾವನ್‌ಸೈಟ್ ಸಿಗುತ್ತದೆ, ಕಡಲ ಸರೀಸೃಪ ಸಿಗದು. ಮುಂಬೈಯ ವರ್ಳಿಯಲ್ಲಿ ಲಾವಾ ಪದರಗಳ ನಡುವೆ ಸಿಕ್ಕಿದ್ದು ಸಿಹಿನೀರಿನ ಕಪ್ಪೆಯ ಪಳೆಯುಳಿಕೆ. ಗೋವಾದ ಶಿಲೆಗಳೋ ಇನ್ನೂ ಎಷ್ಟೋ ಹಳೆಯವು. ನಮ್ಮ ದೇಶದ ಇಕ್ತಿಯೋಸಾರ್ ನೋಡಬೇಕೆಂದರೆ ಕಚ್ಛ್ ಅಥವಾ ತಮಿಳುನಾಡಿನ ಅರಿಯಲೂರು ಸೀಮೆ. 2017ರಲ್ಲಿ ಕಚ್ಛ್‌ನಿಂದ ವರದಿಯಾದದ್ದು ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರ, ಸುಮಾರು ಐದೂವರೆ ಮೀಟರ್.

ಕೊಳ್ಳುವಾಗ ಬಿಲ್ಲಿನ ಮೇಲೆ ಮೂರು ಮಾತು ಬರೆಸಿ: ಹಲ್ಲು ಅಸಲಿಯೇ, ಬೇರು ಮತ್ತು ಕಲ್ಲು ಅಸಲಿಯೇ ರಿಪೇರಿಯೇ, ಯಾವ ಊರಿನ ಮಾಲು. ರಿಪೇರಿ ಮಾಡಿದ ತುಂಡು ಕೊಳ್ಳುವುದು ತಪ್ಪಲ್ಲ, ಅದಕ್ಕೆ ತಕ್ಕ ಬೆಲೆ ಇರಬೇಕಷ್ಟೆ. ಬರೆದುಕೊಡಲು ಒಪ್ಪದವನ ಹತ್ತಿರ 500 ರೂಪಾಯಿಯ ಬಿಡಿ ಹಲ್ಲಿಗಿಂತ ಹೆಚ್ಚಿನದನ್ನು ತೆಗೆದುಕೊಳ್ಳಬೇಡಿ. ಮೇಲಿನ ಕುಟುಂಬದ ಬಳಿ ಬಿಲ್ ಇರಲಿಲ್ಲ, ಇದ್ದದ್ದು ಯುಪಿಐ ಪಾವತಿಯ ದಾಖಲೆ ಮತ್ತು ಮಾರುವವನೇ ಕಳಿಸಿದ ‘ಒರಿಜಿನಲ್ ದವಡೆ’ ಎಂಬ ವಾಟ್ಸಾಪ್ ಸಂದೇಶ. ಅದನ್ನು ಅಳಿಸದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ನಿಮಗೂ ಹೀಗಾಗಿದ್ದರೆ ತುಂಡನ್ನು ಬಿಡಿಸುವ ಮೊದಲು ಎಲ್ಲ ಮಗ್ಗುಲಿನ ಫೋಟೋ ತೆಗೆಯಿರಿ, ಪರೀಕ್ಷೆಯ ಫೋಟೋ ಬೇರೆ ಇಡಿ, ಮೊದಲು ಮಾರಿದವನಿಗೆ ಬರಹದಲ್ಲೇ ಹಣ ವಾಪಸ್ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಅದಕ್ಕಾಗಿ ಗೋವಾಕ್ಕೆ ಮತ್ತೆ ಹೋಗಬೇಕಿಲ್ಲ.