ಮಡಚುವ ಸೈಕಲ್‌: ಗೇರ್ ಇರಲಿಯೋ, ಒಂದೇ ಗೇರಿಗೆ ಬದಲಿಸುವುದೋ?

ಇಪ್ಪತ್ತು ಇಂಚಿನ ಚಿಕ್ಕ ಚಕ್ರದ ಪಕ್ಕದಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ನೆಲಕ್ಕೆ ತೀರ ಹತ್ತಿರ ತೂಗುವುದರಿಂದ, ದಾವಣಗೆರೆ ಸುತ್ತಲಿನ ಎರೆಮಣ್ಣಿನ ದಾರಿಯಲ್ಲಿ ಒಂದು ಮಳೆ ಬಿದ್ದರೂ ಅದರ ಪುಟ್ಟ ಗಾಲಿಗಳ ಹಲ್ಲಿನ ಸಂದಿಗೆ ಜಿಗುಟು ಕೆಸರು ಮೆತ್ತಿಕೊಂಡು ಚೈನು ಕಿರುಗುಟ್ಟತೊಡಗುತ್ತದೆ. ಸೈಕಲ್ ಮಡಚಿ ಬಸ್ಸಿನ ಡಿಕ್ಕಿಗೆ ಹಾಕುವಾಗ ಮೊದಲು ಪೆಟ್ಟು ತಿನ್ನುವುದೂ ಅದೇ. ಒಂದೇ ಗೇರಿಗೆ ಬದಲಿಸಿದರೆ ಡಿರೈಲರ್, ಹ್ಯಾಂಡಲ್‌ನಲ್ಲಿ ಗೇರ್ ಬದಲಿಸುವ ಶಿಫ್ಟರ್, ಕೇಬಲ್ ಮೂರರ ಕಾಟವೂ ತಪ್ಪುತ್ತದೆ, ತೂಕವೂ ತುಸು ಇಳಿಯುತ್ತದೆ.

ಆದರೆ ಮೊದಲು ಹಿಂದಿನ ಅಚ್ಚು ಕೂರುವ ಸೀಳನ್ನು ನೋಡಬೇಕು. ಅದು ಅಡ್ಡಲಾಗಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿಮಾಡಬಹುದು. ನೆಟ್ಟಗೆ ಕೆಳಮುಖವಾಗಿದ್ದರೆ ಚೈನನ್ನು ಒತ್ತಿ ಬಿಗಿಯಾಗಿಡುವ ಪುಟ್ಟ ಗಾಲಿಯ ಚೈನ್ ಟೆನ್ಷನರ್ ಸಾಮಾನ್ಯವಾಗಿ ಹಾಕಬೇಕಾಗುತ್ತದೆ, ಆಗ ಕೆಸರು ಹಿಡಿಯುವ ಗಾಲಿಯೊಂದು ಮತ್ತೆ ಉಳಿದೇ ಉಳಿಯುತ್ತದೆ. ಅಂಥ ಸೈಕಲ್‌ಗೆ ಒಂದೇ ಗೇರಿಗೆ ಬದಲಿಸುವ ಖರ್ಚು ನನಗೆ ಸರಿಕಾಣುವುದಿಲ್ಲ. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ನೇರಕ್ಕೆ ಬಾರದಿದ್ದರೆ ಚೈನು ಬೇಗ ಸವೆಯುತ್ತದೆ, ಕಳಚಿಕೊಳ್ಳಲೂಬಹುದು.

ಮುಂದೆ 52, ಹಿಂದೆ 16 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.2 ಮೀಟರ್ ಸಾಗುತ್ತೇವೆ. ದಾವಣಗೆರೆಯ ಸಮತಟ್ಟಾದ ಬೀದಿಗಳಿಗೆ ಇದು ಹದವಾದ ಅಳತೆ. ಏರುತಗ್ಗಿನ ಚಿತ್ರದುರ್ಗದವರು ಹಿಂದೆ 18 ಹಲ್ಲು ಹಾಕಿಸಿದರೆ ಅದೇ ಸುತ್ತು 4.6 ಮೀಟರಿಗೆ ಇಳಿದು ಕಾಲಿಗೆ ಹಗುರವಾಗುತ್ತದೆ. ಆದರೂ ಅಲ್ಲಿನ ಜೋಗಿಮಟ್ಟಿ ಗುಡ್ಡದ ಏರನ್ನು ಹತ್ತುವವರು, ಗಾಳಿಯಂತ್ರಗಳು ತಿರುಗುವ ಆ ಬಯಲಿನ ಎದುರುಗಾಳಿಯಲ್ಲಿ ದಿನವೂ ತುಳಿಯುವವರು ಗೇರನ್ನೇ ಉಳಿಸಿಕೊಳ್ಳಲಿ.