ಕನ್ನಡಕ, ಲೆನ್ಸ್, ಲೇಸಿಕ್, ಐಸಿಎಲ್: ರಾಯಚೂರಿನ ಒಂದು ಮನೆಯ ಲೆಕ್ಕ

ನನ್ನ ಬಲಗಣ್ಣಿನ ಪವರ್ ಮೈನಸ್ 11. ಎಡಗಣ್ಣಿನದು ಅದಕ್ಕಿಂತ ತುಸು ಕಡಿಮೆ, ಜೊತೆಗೆ ಒಂದೂವರೆ ಸಿಲಿಂಡರ್, ಅಂದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಎಲ್ಲ ಕಡೆ ಒಂದೇ ಸಮ ಬಾಗಿರದ ದೋಷ. ತಮ್ಮನದು ಎರಡೂ ಕಡೆ ಮೈನಸ್ 4.5 ಇತ್ತು. ನಾನು ರಾಯಚೂರಿನ ಒಂದು ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಫ್ಯಾಕ್ಟರಿಯಲ್ಲಿ ಲೆಕ್ಕ ನೋಡುತ್ತೇನೆ. ಅವನು ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದಾನೆ. ನನಗೆ ಅರಳೆ ದೂಳು, ಅವನಿಗೆ ಕಲ್ಲಿದ್ದಲ ಬೂದಿ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಐಸಿಎಲ್ (ಕಣ್ಣಿನೊಳಗೆ ಕೂರಿಸುವ ಲೆನ್ಸ್) ಮೂರೂ ನಾನೇ ಹಾಕಿ ನೋಡಿದ್ದು. ಲೇಸಿಕ್ (ಲೇಸರ್ ಆಪರೇಷನ್) ಮಾತ್ರ ತಮ್ಮನ ಅನುಭವ. ಹೋಲಿಸಿ ಹೇಳು ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕನ್ನಡಕವನ್ನು ಬೈಯುವುದು ಸುಲಭ. ಶಾಲೆಯಲ್ಲಿ ನನಗೆ ಸೋಡಾಬುಡ್ಡಿ ಅಂತಲೇ ಹೆಸರು. ಆದರೆ ಸೋಂಕಿನ ಭಯವಿಲ್ಲದ, ಬೇಡವೆಂದರೆ ತೆಗೆದಿಡಬಹುದಾದ ದಾರಿ ಅದೊಂದೇ. 1.74 ಇಂಡೆಕ್ಸ್ ಎಂಬ ತೆಳು ಗಾಜು ಹಾಕಿಸಿದರೆ ಅಂಚಿನ ದಪ್ಪವೂ ಇಳಿಯುತ್ತದೆ. ಅದರಿಂದ ಬಗೆಹರಿಯದ್ದು ಬೇರೆಯೇ ಇದೆ. ಮೈನಸ್ ಗಾಜು ಎಲ್ಲವನ್ನೂ ಚಿಕ್ಕದಾಗಿ ತೋರಿಸುತ್ತದೆ. ಪವರ್ ಏರಿದಷ್ಟೂ ಅಕ್ಷರ ಕುಗ್ಗುತ್ತದೆ. ಓರೆಯಾಗಿ ನೋಡಿದರೆ ಗೆರೆ ಬಾಗುತ್ತದೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಬೆವರು ಹರಿದು ಫ್ರೇಮ್ ಮೂಗಿನ ಮೇಲೆ ನಿಲ್ಲುವುದಿಲ್ಲ. ಇಷ್ಟು ಪವರ್‌ಗೆ ಗಾಜು ಒಂದೆರಡು ಮಿಲಿಮೀಟರ್ ಜಾರಿದರೂ ನೋಟ ಬದಲಾಗುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕಿದಾಗ ಅದೆಲ್ಲ ಹೋಯಿತು. ಕಣ್ಣಿಗೆ ಅಂಟಿಕೊಂಡೇ ಕೂರುವುದರಿಂದ ಕನ್ನಡಕದ 11 ಪವರ್ ಲೆನ್ಸ್‌ನಲ್ಲಿ 9.75ರ ಹತ್ತಿರಕ್ಕೆ ಇಳಿಯುತ್ತದೆ. ವಸ್ತುಗಳು ದೊಡ್ಡದಾಗಿ, ನೇರವಾಗಿ ಕಂಡವು. ಬೇರೆ ಊರಲ್ಲಿ, ಬೇರೆ ಕೆಲಸದಲ್ಲಿ ಇದ್ದಿದ್ದರೆ ಬಹುಶಃ ನಾನು ಅಲ್ಲೇ ನಿಲ್ಲುತ್ತಿದ್ದೆ. ನಮ್ಮಲ್ಲಿ ಹತ್ತಿ ಬರುವ ಕಾಲಕ್ಕೆ ಫ್ಯಾಕ್ಟರಿಯ ಗಾಳಿಯಲ್ಲೆಲ್ಲ ಅರಳೆಯ ಎಳೆ ತೇಲುತ್ತದೆ. ಒಂದು ಎಳೆ ಲೆನ್ಸ್ ಕೆಳಗೆ ಸಿಕ್ಕರೆ ಮುಗಿಯಿತು, ಕಣ್ಣು ಕೆಂಪು. ತೆಗೆಯೋಣ ಎಂದರೆ ಕೈ ತೊಳೆಯಬೇಕು, ಒರೆಸಿಕೊಳ್ಳಬೇಕು, ಸಲ್ಯೂಷನ್ ಬೇಕು. ನಲ್ಲಿ ನೀರಲ್ಲಿ ಲೆನ್ಸ್ ತೊಳೆಯುವಂತಿಲ್ಲ. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಿಂದ ಲೆನ್ಸ್‌ಗೆ ಹತ್ತಿದರೆ ಕಾರ್ನಿಯಾವನ್ನೇ ತಿನ್ನುತ್ತದೆ. ಬೋರ್‌ವೆಲ್ ನೀರಾಗಲಿ, ಟ್ಯಾಂಕಿನ ನೀರಾಗಲಿ, ಫಿಲ್ಟರ್ ನೀರಾಗಲಿ ಮಾತು ಒಂದೇ. ಮನೆಗೆ ಬಂದರೆ ಕೂಲರ್ ಗಾಳಿ. ಅದರೆದುರು ಕೂತರೆ ಲೆನ್ಸ್ ಒಣಗಿ ರೆಪ್ಪೆಗೆ ತಾಗುತ್ತದೆ. ಸಿಲಿಂಡರ್ ಇರುವ ಲೆನ್ಸ್ ಅಂತೂ ಕಣ್ಣು ಮಿಟುಕಿಸಿದಾಗ ತಿರುಗಿ ನೋಟ ಮಸುಕಾಗಿಸುತ್ತಿತ್ತು. ಎಸಿ ರೂಮಿನ ಜಾಹೀರಾತಿನಲ್ಲಿ ಇವೆಲ್ಲ ಎಲ್ಲಿ ಬರುತ್ತವೆ?

ಲೇಸಿಕ್ ವಿಷಯಕ್ಕೆ ಬಂದರೆ, ತಮ್ಮನಿಗೆ ಹೂಂ ಅಂದರು, ನನಗೆ ಬೇಡ ಅಂದರು. ಕಾರಣ ಬರೀ ಲೆಕ್ಕ. ಲೇಸರ್ ಕಾರ್ನಿಯಾವನ್ನು ತೆಳ್ಳಗೆ ಮಾಡಿ ಪವರ್ ಇಳಿಸುತ್ತದೆ. ಒಂದು ಪವರ್‌ಗೆ ಸುಮಾರು 12ರಿಂದ 15 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ಹೋಗುತ್ತದೆ. ನನ್ನ ಕಾರ್ನಿಯಾ 495 ಮೈಕ್ರಾನ್. ಪವರ್‌ಗೆ 140ರ ಮೇಲೆ, ಫ್ಲಾಪ್ ಎಂಬ ಮುಚ್ಚಳಕ್ಕೆ 110ರಷ್ಟು ಕಳೆದರೆ ಕೆಳಗೆ 250 ಕೂಡ ಉಳಿಯುವುದಿಲ್ಲ. ಅಷ್ಟು ತೆಳುವಾದರೆ ಕಾರ್ನಿಯಾ ಮುಂದಕ್ಕೆ ಉಬ್ಬುವ ಅಪಾಯವಿದೆ. ಫ್ಲಾಪ್ ಇಲ್ಲದ ಸ್ಮೈಲ್ ಎಂಬ ಲೇಸರ್ ವಿಧಾನ ಕೂಡ ಮೈನಸ್ 10ರವರೆಗೆ ಮಾತ್ರ. ತಮ್ಮನದು ದಪ್ಪ ಕಾರ್ನಿಯಾ, ಕಡಿಮೆ ಪವರ್. ಮರುದಿನವೇ ಬಸ್ಸಿನ ಬೋರ್ಡ್ ಓದಿದ. ಥರ್ಮಲ್‌ನಲ್ಲಿ ಕನ್ನಡಕದ ಮೇಲೆ ಸೇಫ್ಟಿ ಗಾಗಲ್ ಹಾಕುವ ಕಾಟ ತಪ್ಪಿತು. ಆದರೆ ಬೇಸಿಗೆಯಲ್ಲಿ "ಕಣ್ಣಾಗ ಉಸುಕು ಬಿದ್ದಂಗ ಆಗ್ತದ ಅಕ್ಕಾ" ಅಂತ ಈಗಲೂ ಡ್ರಾಪ್ಸ್ ಹುಡುಕುತ್ತಾನೆ. ಲೇಸರ್ ಕಾರ್ನಿಯಾದ ನರಗಳನ್ನೂ ಕತ್ತರಿಸುತ್ತದೆ, ಅದರಿಂದ ಕಣ್ಣು ಒಣಗುತ್ತದೆ. ಬಹಳ ಜನರಿಗೆ ಇದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಅಂದಹಾಗೆ, ಲೇಸಿಕ್‌ನಲ್ಲಿ ಬಳಸುವ ಎಕ್ಸೈಮರ್ ಲೇಸರ್ ಸುಡದೆ ಅಂಗಾಂಶವನ್ನು ಕೆತ್ತಬಲ್ಲದು ಎಂದು 1981ರಲ್ಲಿ ಐಬಿಎಂ ಕಂಪನಿಯಲ್ಲಿ ಕಂಡುಕೊಂಡ ತಂಡದಲ್ಲಿದ್ದವರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್.

ಇನ್ನು ಐಸಿಎಲ್. ಇದರಲ್ಲಿ ಕಾರ್ನಿಯಾವನ್ನು ಕೆತ್ತುವುದಿಲ್ಲ. ಸುಮಾರು 3 ಮಿಲಿಮೀಟರ್ ಗೀರು ಹಾಕಿ, ಮಡಚಿದ ಮೆತ್ತನೆ ಲೆನ್ಸನ್ನು ಒಳಗೆ ಬಿಟ್ಟು, ಕಣ್ಣಿನ ಬಣ್ಣದ ಪರದೆಯ ಹಿಂದೆ, ನಮ್ಮ ಸ್ವಂತ ಲೆನ್ಸಿನ ಮುಂದೆ ಕೂರಿಸುತ್ತಾರೆ. ಹೊರಗಿನವರಿಗೆ ಕಾಣುವುದಿಲ್ಲ, ನಮಗೂ ಒಳಗಿದೆ ಅನ್ನಿಸುವುದಿಲ್ಲ. ಹಳೆಯ ಮಾದರಿಗೆ ಮೊದಲೇ ಲೇಸರ್‌ನಿಂದ ಪರದೆಯಲ್ಲಿ ತೂತು ಮಾಡಬೇಕಿತ್ತು. ಈಗಿನ ಲೆನ್ಸಿನ ನಡುವೆಯೇ 0.36 ಮಿಲಿಮೀಟರ್‌ನ ರಂಧ್ರವಿದೆ, ಒಳಗಿನ ನೀರು ಅದರಲ್ಲೇ ಹರಿಯುತ್ತದೆ.

ಆಪರೇಷನ್‌ಗಿಂತ ಅಳತೆಯೇ ದೊಡ್ಡ ಕೆಲಸ. ಕಣ್ಣಿನ ಮುಂಭಾಗದಲ್ಲಿ ಲೆನ್ಸಿಗೆ ಜಾಗ ಬೇಕು, ಸಾಮಾನ್ಯವಾಗಿ 2.8ರಿಂದ 3 ಮಿಲಿಮೀಟರ್ ಆಳವಾದರೂ ಇರಬೇಕು. ಕಾರ್ನಿಯಾದ ಒಳಪದರದ ಜೀವಕೋಶಗಳನ್ನು ಎಣಿಸುತ್ತಾರೆ, ಏಕೆಂದರೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲೆನ್ಸ್ ಸೈಜ್ ದೊಡ್ಡದಾದರೆ ಕಣ್ಣಿನ ಪ್ರೆಶರ್ ಏರಬಹುದು. ಚಿಕ್ಕದಾದರೆ ಸ್ವಂತ ಲೆನ್ಸಿಗೆ ತಾಗಿ ಪೊರೆ ಬರಬಹುದು. ಅಳತೆಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟಿರಬೇಕು, ಇಲ್ಲದಿದ್ದರೆ ಕಾರ್ನಿಯಾದ ಆಕಾರವೇ ತಪ್ಪಾಗಿ ಬರುತ್ತದೆ. ಒಂದು ಆಸ್ಪತ್ರೆಯಲ್ಲಿ ಇದಾವುದನ್ನೂ ಹೇಳದೆ ನೇರವಾಗಿ ಪ್ಯಾಕೇಜ್ ರೇಟಿನ ಹಾಳೆ ಕೈಗಿಟ್ಟರು. ಎದ್ದು ಬಂದೆ.

ಮಾಡಿಸಿದ್ದು ಹೈದರಾಬಾದಿನಲ್ಲಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ ಅಲ್ವಾ. ಗುಜರಾತಿನಲ್ಲಿ ತಯಾರಾಗುವ ಐಪಿಸಿಎಲ್ ಎಂಬ ಲೆನ್ಸನ್ನೂ ತೋರಿಸಿದರು. ಅದು ಅಕ್ರಿಲಿಕ್, ದುಡ್ಡು ಕಡಿಮೆ. ನಮ್ಮ ಡಾಕ್ಟರ ಕೈ ಐಸಿಎಲ್‌ನಲ್ಲಿ ಜಾಸ್ತಿ ಪಳಗಿತ್ತು, ಹಾಗಾಗಿ ಅದನ್ನೇ ಒಪ್ಪಿದೆ. ಸಿಲಿಂಡರ್ ಇದ್ದುದರಿಂದ ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬೇಕಿತ್ತು, ಆರ್ಡರ್ ಮಾಡಿ ಕಾಯಬೇಕಾಯಿತು. ಮರಗಟ್ಟಿಸಲು ಬರೀ ಡ್ರಾಪ್ಸ್. ನೋವಿಗಿಂತ ಲೈಟಿನ ಬೆಳಕೇ ಹಿಂಸೆ. ಅದೇ ದಿನ ಪ್ರೆಶರ್ ನೋಡಿಯೇ ಮನೆಗೆ ಬಿಟ್ಟರು. ಮರುದಿನ ಬೆಳಿಗ್ಗೆ ಗೋಡೆಯ ಮೇಲಿನ ಇರುವೆ ಸಾಲು ಕಂಡಿತು. ಹತ್ತಿ ಸೀಸನ್ ಮುಗಿದ ಮೇಲೆ ರಜೆ ಹಾಕಿದ್ದು ಒಳ್ಳೆಯದಾಯಿತು, ಶುರುವಿನ ವಾರಗಳಲ್ಲಿ ದೂಳು, ತಲೆ ಸ್ನಾನ, ಕಣ್ಣುಜ್ಜುವುದು ಎಲ್ಲ ಬಂದ್.

ನೋಟದ ಸ್ಪಷ್ಟತೆಯಲ್ಲಿ ಮೂರರಲ್ಲಿ ಐಸಿಎಲ್‌ಗೇ ನನ್ನ ಓಟು. ಒಣಗುವ ಕಾಟ ತಮ್ಮನಷ್ಟು ನನಗಿಲ್ಲ. ಆದರೆ ರಾತ್ರಿ ಮಾನ್ವಿ ರೋಡಿನಲ್ಲಿ ಎದುರಿನ ಲಾರಿ ಲೈಟಿನ ಸುತ್ತ ಬಳೆ ಕಾಣುತ್ತದೆ. ಮೊದಮೊದಲು ಸ್ಕೂಟಿ ನಿಲ್ಲಿಸಿಬಿಡುತ್ತಿದ್ದೆ. ಈಗ ಗಮನ ಹೋಗುವುದು ಕಡಿಮೆ, ಪೂರ್ತಿ ಹೋಗಿಲ್ಲ. ರಾತ್ರಿ ಗಾಡಿ ಓಡಿಸುವುದೇ ಕಸುಬಾದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ದುಡ್ಡಿನಲ್ಲಿ ಐಸಿಎಲ್ಲೇ ದುಬಾರಿ, ಎರಡು ಕಣ್ಣಿಗೆ ಲಕ್ಷದ ಮೇಲೆಯೇ. ಆದರೆ ಇನ್ಶೂರೆನ್ಸ್ ಇದ್ದವರು ಪಾಲಿಸಿ ತೆಗೆದು ಎಕ್ಸ್‌ಕ್ಲೂಷನ್ ಕೋಡ್ 15 ಓದಿ. 7.5 ಪವರ್‌ಗಿಂತ ಕಡಿಮೆ ಇದ್ದರೆ ನೋಟ ಸರಿಪಡಿಸುವ ಖರ್ಚು ಸಿಗುವುದಿಲ್ಲ ಎಂದಿದೆ. ಅದಕ್ಕಿಂತ ಮೇಲಿನವರಿಗೆ ಈ ಅಡ್ಡಿ ಇಲ್ಲ. ಹಾಗಾಗಿ ನಾನು ಕ್ಲೇಮ್ ಹಾಕಬಹುದಿತ್ತು, ತಮ್ಮನಾದರೋ ಲೇಸಿಕ್ ಖರ್ಚನ್ನು ತನ್ನ ಕೈಯಿಂದಲೇ ಕೊಟ್ಟ. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯಬೇಡಿ, ಪವರ್ ತೋರಿಸಲು ಬೇಕಾಗುತ್ತವೆ.

ದೊಡ್ಡ ಮೈನಸ್ ಕಣ್ಣು ಸಾಮಾನ್ಯವಾಗಿ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ, ಪವರ್ ಹೋಯಿತೆಂದು ಆ ಉದ್ದ ಕಡಿಮೆಯಾಗುವುದಿಲ್ಲ. ಹಾಗಾಗಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಎಳೆದು ತೆಳುವಾಗಿರುತ್ತದೆ, ಆ ಅಪಾಯ ಹಾಗೇ ಇರುತ್ತದೆ. ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ತೇಲುವ ಕಪ್ಪು ಚುಕ್ಕೆ ಒಮ್ಮೆಲೇ ಹೆಚ್ಚಿದರೆ ಅಂದೇ ತೋರಿಸಬೇಕು. ಪ್ರೆಶರ್ ಚೆಕ್‌ಗೆ ಪ್ರತಿಸಲ ಹೈದರಾಬಾದಿಗೆ ಓಡುವುದಿಲ್ಲ, ಇಲ್ಲೇ ನಮ್ಮ ಕಣ್ಣಿನ ಡಾಕ್ಟರ್ ನೋಡುತ್ತಾರೆ. ಜೀವಕೋಶ ಎಣಿಸಲು ಮತ್ತು ಲೆನ್ಸ್ ಕೂತ ಜಾಗ ಅಳೆಯಲು ವರ್ಷಕ್ಕೊಮ್ಮೆ ಹೋಗುತ್ತೇನೆ.

ಒಂದು ಸೌಲಭ್ಯ ಮಾತ್ರ ಹೋಯಿತು. ಮೊದಲು ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದರೆ ಸೂಜಿಯ ಕಣ್ಣು ನಿಚ್ಚಳವಾಗಿ ಕಾಣುತ್ತಿತ್ತು. ಈಗ ಅಷ್ಟು ಹತ್ತಿರದ್ದು ಮಸುಕು. ನಲವತ್ತು ದಾಟಿದ ಮೇಲೆ ಓದಲು ನನಗೂ ತಮ್ಮನಿಗೂ ಕನ್ನಡಕ ಬರುತ್ತದೆ, ಐಸಿಎಲ್ ಆಗಲಿ ಲೇಸಿಕ್ ಆಗಲಿ ಅದನ್ನು ತಡೆಯುವುದಿಲ್ಲ.